ವಿದ್ಯುತ್ ಕಾರು: ಒಡೆತನದ ಖರ್ಚು ಮತ್ತು ಬಳಕೆ

ಬ್ಯಾಟರಿಯಲ್ಲಿ ತುಂಬಿಟ್ಟ ವಿದ್ಯುತ್ತಿನಿಂದ ಮೋಟಾರು ತಿರುಗಿ ಓಡುವ ವಾಹನವೇ ವಿದ್ಯುತ್ ಕಾರು. ಅದಕ್ಕೆ ಎಂಜಿನ್, ಹಲವು ಗೇರುಗಳ ಪೆಟ್ಟಿಗೆ, ಸೈಲೆನ್ಸರ್ ಇರುವುದಿಲ್ಲ. ಕೊಳ್ಳುವಾಗ ಹೆಚ್ಚು ಹಣ, ಓಡಿಸುವಾಗ ಕಡಿಮೆ ಹಣ ಎಂಬುದು ಇದರ ಲೆಕ್ಕದ ಸ್ಥೂಲರೂಪ. ಆ ಉಳಿತಾಯ ನಿಜವಾಗಿ ಎಷ್ಟು ಎಂಬುದನ್ನು ತೀರ್ಮಾನಿಸುವುದು ಕಾರಿನ ಮಾದರಿಗಿಂತ ಮಿಗಿಲಾಗಿ ಅದು ರಾತ್ರಿ ನಿಲ್ಲುವ ಜಾಗ. ಸ್ವಂತ ಮೀಟರಿನಿಂದ ತಂತಿ ಎಳೆಯಬಹುದಾದ ಜಾಗವಿದ್ದವರಿಗೂ, ಬೀದಿಯಲ್ಲಿ ಕಾರು ನಿಲ್ಲಿಸುವವರಿಗೂ ಒಂದೇ ಕಾರನ್ನು ಓಡಿಸುವ ಖರ್ಚು ಮೂರು ಪಟ್ಟು ವ್ಯತ್ಯಾಸವಾಗುತ್ತದೆ. ಈ ಲೇಖನ ಕರ್ನಾಟಕದ ದರ, ತೆರಿಗೆ ಮತ್ತು ರಸ್ತೆಗಳನ್ನು ಆಧರಿಸಿದೆ.

ಹಿನ್ನೆಲೆ

ಭಾರತದಲ್ಲಿ ಸಾಮಾನ್ಯ ಗ್ರಾಹಕರಿಗೆ ವಿದ್ಯುತ್ ಕಾರು ಸಿಕ್ಕ ಮೊದಲ ಊರುಗಳಲ್ಲಿ ಬೆಂಗಳೂರು ಒಂದು. ಮೈನಿ ಸಮೂಹ ಅಮೆರಿಕದ ಸಂಸ್ಥೆಯೊಂದರ ಜೊತೆಗೂಡಿ 1994ರಲ್ಲಿ ಆರಂಭಿಸಿದ ಕಂಪನಿ 2001ರಲ್ಲಿ ರೇವಾ ಎಂಬ ಎರಡು ಬಾಗಿಲಿನ ಪುಟ್ಟ ಕಾರನ್ನು ಮಾರುಕಟ್ಟೆಗೆ ತಂದಿತು. ಇದರ ಹಿಂದಿದ್ದವರು ಚೇತನ್ ಮೈನಿ. ಸೀಸ–ಆಮ್ಲ ಬ್ಯಾಟರಿಯ ಈ ಕಾರು ಒಂದು ಚಾರ್ಜಿಗೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಗಿ, ಅಲ್ಲಿನ ನಗರ ಕೇಂದ್ರದ ದಟ್ಟಣೆ ಶುಲ್ಕದ ವಿನಾಯಿತಿಯಿಂದಾಗಿ ತಕ್ಕಮಟ್ಟಿಗೆ ಜನಪ್ರಿಯವೂ ಆಯಿತು. 2010ರಲ್ಲಿ ಮಹೀಂದ್ರ ಈ ಕಂಪನಿಯ ಬಹುಪಾಲು ಷೇರು ಕೊಂಡಿತು. ಲಿಥಿಯಂ ಬ್ಯಾಟರಿಯ ಇ2ಒ ಬಂದದ್ದು 2013ರಲ್ಲಿ. ಸೀಸದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋತು, ಬದಲಿಸಲು ದೊಡ್ಡ ಮೊತ್ತ ಬೇಡುತ್ತಿತ್ತು. ವಿದ್ಯುತ್ ಕಾರೆಂದರೆ ಮೊದಲು ಬ್ಯಾಟರಿಯ ಭಯ ಎಂಬ ಮಾತು ಇಂದಿಗೂ ಉಳಿದಿರುವುದಕ್ಕೆ ಆ ಅನುಭವವೂ ಒಂದು ಕಾರಣ.

ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ (2017). ಹೆದ್ದಾರಿಗೂ ಒಗ್ಗುವ, ಮಧ್ಯಮ ವರ್ಗ ಯೋಚಿಸಬಹುದಾದ ಬೆಲೆಯ ಕಾರುಗಳು ಬಂದದ್ದು 2020ರ ಜನವರಿಯಲ್ಲಿ ಟಾಟಾ ನೆಕ್ಸಾನ್ ಇವಿ ಬಿಡುಗಡೆಯಾದ ಮೇಲೆ. 2022ರ ಟಿಯಾಗೊ ಇವಿ ಆರಂಭಿಕ ಬೆಲೆಯನ್ನು ಹತ್ತು ಲಕ್ಷದ ಕೆಳಗೆ ಇಳಿಸಿತು.

ಕೊಳ್ಳುವ ಬೆಲೆ ಮತ್ತು ತೆರಿಗೆ

ಒಂದೇ ದರ್ಜೆಯ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿನ ಶೋರೂಂ ಬೆಲೆ ಸಾಮಾನ್ಯವಾಗಿ ಕೆಲವು ಲಕ್ಷ ಹೆಚ್ಚು. ಹೆಚ್ಚುವರಿ ಹಣ ಬಹುತೇಕ ಬ್ಯಾಟರಿಯದೇ. ಈ ಅಂತರವನ್ನು ತುಂಬುತ್ತಿರುವುದು ತೆರಿಗೆ. 2019ರ ಆಗಸ್ಟ್ 1ರಿಂದ ವಿದ್ಯುತ್ ವಾಹನಗಳ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು, ಪೆಟ್ರೋಲ್ ಕಾರಿನ ಮೇಲೆ ಆಗ ಶೇ. 28 ಮತ್ತು ಅದರ ಮೇಲೊಂದು ಸೆಸ್ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ದರ ಶೇ. 18ಕ್ಕೆ ಇಳಿದು, ದೊಡ್ಡವುಗಳಿಗೆ ಶೇ. 40 ಆಯಿತು. ವಿದ್ಯುತ್ ಕಾರಿನ ಶೇ. 5 ಹಾಗೆಯೇ ಉಳಿಯಿತು. ಇದರಿಂದ ಸಣ್ಣ ಕಾರುಗಳ ದರ್ಜೆಯಲ್ಲಿ ಪೆಟ್ರೋಲ್ ಕಾರು ಮತ್ತೆ ಅಗ್ಗವಾಯಿತು. ಅಲ್ಲಿಯವರೆಗೆ ಮಾಡಿದ ಹೋಲಿಕೆಗಳನ್ನು ಈಗ ಹೊಸದಾಗಿ ಹಾಕಿ ನೋಡಬೇಕು.

ರಾಜ್ಯದ ಆಜೀವ ತೆರಿಗೆಯಲ್ಲಿ ವ್ಯತ್ಯಾಸ ಇನ್ನೂ ಎದ್ದುಕಾಣುತ್ತದೆ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಜೀವ ತೆರಿಗೆ ಬೆಲೆಗೆ ತಕ್ಕಂತೆ ಶೇ. 13ರಿಂದ 18, ಅದರ ಮೇಲೆ ಸೆಸ್ ಬೇರೆ. ದೇಶದಲ್ಲೇ ಹೆಚ್ಚಿನ ದರಗಳಲ್ಲಿ ಇದೂ ಒಂದು. ವಿದ್ಯುತ್ ಕಾರುಗಳಿಗೆ ಈ ತೆರಿಗೆ ಪೂರ್ತಿ ಮಾಫಿಯಾಗಿತ್ತು. 2024ರಲ್ಲಿ 25 ಲಕ್ಷಕ್ಕಿಂತ ದುಬಾರಿಯಾದವುಗಳ ಮೇಲೆ ಶೇ. 10 ವಿಧಿಸಲಾಯಿತು. ಆ ಹೊತ್ತಿನ ದರದಲ್ಲಿ 11 ಲಕ್ಷದ ಪೆಟ್ರೋಲ್ ಕಾರಿಗೆ ತೆರಿಗೆಯೇ ಸುಮಾರು 2 ಲಕ್ಷವಾದರೆ, 13.5 ಲಕ್ಷದ ವಿದ್ಯುತ್ ಕಾರಿಗೆ ಅದು ಸೊನ್ನೆ. ಶೋರೂಂನಲ್ಲಿ ಎರಡೂವರೆ ಲಕ್ಷವಿದ್ದ ಅಂತರ ರಸ್ತೆಗಿಳಿಯುವ ಹೊತ್ತಿಗೆ ಅರ್ಧ ಲಕ್ಷದ ಆಸುಪಾಸಿಗೆ ಇಳಿಯುತ್ತಿತ್ತು. ಆದರೆ ಈ ವಿನಾಯಿತಿ ಸರ್ಕಾರದ ಕೈಯಲ್ಲಿರುವಂಥದ್ದು. ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗಬಹುದು. ಬುಕಿಂಗ್ ದಿನದ ದರಕ್ಕಿಂತ ನೋಂದಣಿ ದಿನದ ದರವೇ ಲೆಕ್ಕಕ್ಕೆ ಬರುವುದು.

ಕೇಂದ್ರದ ಸಬ್ಸಿಡಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2019ರ ಫೇಮ್-2 ಯೋಜನೆಯಲ್ಲಿ ಕಾರುಗಳಿಗೆ ಸಿಕ್ಕ ನೆರವು ಟ್ಯಾಕ್ಸಿಯಂಥ ವಾಣಿಜ್ಯ ಬಳಕೆಗೆ ಮಾತ್ರ; 2024ರ ಪಿಎಂ ಇ-ಡ್ರೈವ್‌ನಲ್ಲಿಯೂ ಸ್ವಂತ ಬಳಕೆಯ ಕಾರಿಗೆ ಪಾಲಿಲ್ಲ. ಸಾಲದ ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಕೊಟ್ಟ 80ಇಇಬಿ ಕಲಂ 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗಷ್ಟೇ ಅನ್ವಯ. ನೋಂದಣಿ ಪತ್ರದ ಶುಲ್ಕವಂತೂ 2021ರಿಂದ ಇಲ್ಲ. ಸ್ವಂತ ಬಳಕೆಯ ವಿದ್ಯುತ್ ಕಾರನ್ನು ಹಸಿರು ಫಲಕದ ಬಿಳಿ ಅಕ್ಷರಗಳಿಂದ ಗುರುತಿಸಬಹುದು.

ಬ್ಯಾಟರಿಯನ್ನು ಬೇರೆಯಾಗಿ ಬಾಡಿಗೆಗೆ ಕೊಡುವ ಪದ್ಧತಿಯೂ ಬಂದಿದೆ. 2024ರ ಸೆಪ್ಟೆಂಬರಿನಲ್ಲಿ ಎಂಜಿ ವಿಂಡ್ಸರ್ ಬಿಡುಗಡೆಯಾದಾಗ ಕಾರಿಗೆ 9.99 ಲಕ್ಷ, ಬ್ಯಾಟರಿಗೆ ಕಿ.ಮೀ.ಗೆ 3.50 ರೂಪಾಯಿ ಎಂದು ಘೋಷಿಸಲಾಗಿತ್ತು. ಮೊದಲ ನೋಟಕ್ಕೆ ಇದು ಹಗುರ. ಆದರೆ ಅದಕ್ಕೆ ವಿದ್ಯುತ್ತಿನ ಖರ್ಚು ಸೇರಿಸಿದರೆ ಕಿ.ಮೀ.ಗೆ ನಾಲ್ಕೂವರೆ ರೂಪಾಯಿ ಮುಟ್ಟುತ್ತದೆ. ಹೆಚ್ಚು ಓಡಿಸಿದಷ್ಟೂ ಉಳಿತಾಯ ಎಂಬ ವಿದ್ಯುತ್ ಕಾರಿನ ಮುಖ್ಯ ಗುಣವನ್ನೇ ಈ ಪದ್ಧತಿ ತಗ್ಗಿಸುತ್ತದೆ. ದಿನವೂ ದೂರ ಓಡಾಡುವವರು ಬ್ಯಾಟರಿಸಮೇತ ಕೊಳ್ಳುವುದೇ ಲೇಸು.

ಮನೆಯ ಚಾರ್ಜಿಂಗ್

ಗೀಸರಿಗೋ ಏಸಿಗೋ ಬಳಸುವಂಥ 15 ಆಂಪಿಯರ್ ಸಾಕೆಟ್ಟಿನಿಂದಲೇ ಬಹುತೇಕ ಕಾರುಗಳನ್ನು ಚಾರ್ಜ್ ಮಾಡಬಹುದು. ಇದು ಎಳೆಯುವುದು ಎರಡೂವರೆಯಿಂದ ಮೂರು ಕಿಲೋವ್ಯಾಟ್. ರಾತ್ರಿ ಒಂಬತ್ತು ಗಂಟೆ ಹಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಸುಮಾರು 150 ಕಿ.ಮೀ. ಓಡುವಷ್ಟು ತುಂಬುತ್ತದೆ. ಯಲಹಂಕದಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನವೂ ಹೋಗಿಬರುವವರಿಗೂ ಇದು ಸಾಕು. ಹಾಗಿದ್ದೂ ಮಾರಾಟಗಾರರು 7.2 ಕಿಲೋವ್ಯಾಟಿನ ಗೋಡೆ ಚಾರ್ಜರ್ ಕಡೆಗೆ ಒಲವು ತೋರುತ್ತಾರೆ. ಅದು ಬೇಕೇ ಎಂದು ನಿರ್ಧರಿಸುವ ಮೊದಲು ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದು ನೋಡಿಕೊಳ್ಳಬೇಕು. ಮೂರು ಕಿಲೋವ್ಯಾಟ್ ಇದ್ದ ಮನೆ ಏಳಕ್ಕೆ ಏರಿಸಿಕೊಳ್ಳಬೇಕಾದರೆ ಠೇವಣಿಯ ಜೊತೆಗೆ ಪ್ರತಿ ತಿಂಗಳ ನಿಗದಿತ ಶುಲ್ಕವೂ ಹೆಚ್ಚುತ್ತದೆ. 2025–26ರ ಗೃಹಬಳಕೆ ದರದಲ್ಲಿ ಅದು ಕಿಲೋವ್ಯಾಟಿಗೆ 145 ರೂಪಾಯಿ. ನಾಲ್ಕು ಕಿಲೋವ್ಯಾಟ್ ಏರಿಸಿದರೆ ತಿಂಗಳಿಗೆ 580 ರೂಪಾಯಿ, ಕಾರು ಓಡಲಿ ಬಿಡಲಿ. ಸಾವಿರ ಕಿ.ಮೀ. ಓಡಿಸಲು ತಗಲುವ ವಿದ್ಯುತ್ತಿನ ಬೆಲೆಯಲ್ಲಿ ಅರ್ಧಕ್ಕೂ ಮಿಕ್ಕಿದ ಮೊತ್ತವಿದು. ದೊಡ್ಡ ಬ್ಯಾಟರಿಯ ಕಾರಿದ್ದು, ದಿನಕ್ಕೆ ಇನ್ನೂರು ಕಿ.ಮೀ. ಓಡುವವರನ್ನು ಬಿಟ್ಟರೆ ಉಳಿದವರಿಗೆ ನಿಧಾನದ ಚಾರ್ಜಿಂಗೇ ಸರಿ. ಬ್ಯಾಟರಿಗೂ ಅದು ಹಿತ.

ಗೃಹಜ್ಯೋತಿ ಫಲಾನುಭವಿಗಳು ಎಚ್ಚರದಿಂದ ನೋಡಬೇಕಾದ ಸಂಗತಿ ಇನ್ನೊಂದಿದೆ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಬಳಕೆ 200 ದಾಟಿದರೆ ಇಡೀ ಬಿಲ್ಲನ್ನು ತಾವೇ ಕಟ್ಟಬೇಕು. ತಿಂಗಳಿಗೆ 90 ಯೂನಿಟ್ ಬಳಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆಗೆ ಕಾರಿನ 150 ಯೂನಿಟ್ ಸೇರಿದರೆ 240 ಯೂನಿಟ್ಟಿಗೂ ಹಣ ತೆರಬೇಕಾಗುತ್ತದೆ. ಅಂದರೆ ಮೊದಲು ಉಚಿತವಾಗಿದ್ದ 90 ಯೂನಿಟ್ಟಿನ ಬೆಲೆಯೂ ಕಾರಿನ ಖಾತೆಗೇ ಬೀಳುತ್ತದೆ.

ಇದಕ್ಕೆ ಪರಿಹಾರ ಪ್ರತ್ಯೇಕ ಮೀಟರ್. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ದರಪಟ್ಟಿಯಲ್ಲಿ ವಿದ್ಯುತ್ ವಾಹನಗಳ ಚಾರ್ಜಿಂಗಿಗೆಂದೇ ಎಲ್‌ಟಿ-6(ಸಿ) ಎಂಬ ವರ್ಗವಿದ್ದು, 2024–25ರಲ್ಲಿ ಅದರ ದರ ಯೂನಿಟ್ಟಿಗೆ 4.50 ರೂಪಾಯಿ ಇತ್ತು, ಗೃಹಬಳಕೆಯ 5.90ಕ್ಕಿಂತ ಅಗ್ಗ. ನಿಗದಿತ ಶುಲ್ಕ ಇದಕ್ಕೂ ಪ್ರತ್ಯೇಕ. 2024ರ ಫೆಬ್ರುವರಿಯಲ್ಲಿ ಕೇಂದ್ರ ತಿದ್ದಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಕಾರಿಗೆಂದು ಪ್ರತ್ಯೇಕ ಸಂಪರ್ಕ ಕೇಳುವ ಹಕ್ಕನ್ನು ಗ್ರಾಹಕರಿಗೆ ಸ್ಪಷ್ಟವಾಗಿ ಕೊಟ್ಟಿವೆ. ಅವೇ ನಿಯಮಗಳ ಪ್ರಕಾರ ಹೊಸ ಸಂಪರ್ಕಕ್ಕೆ ಮಹಾನಗರದಲ್ಲಿ ಮೂರು, ಇತರ ಪಟ್ಟಣಗಳಲ್ಲಿ ಏಳು, ಹಳ್ಳಿಗಳಲ್ಲಿ ಹದಿನೈದು ದಿನಗಳ ಗಡುವಿದೆ. ಎಸ್ಕಾಂ ಕಚೇರಿಗೆ ಹೋಗುವಾಗ ಈ ನಿಯಮ ತಿಳಿದಿರುವುದು ಒಳ್ಳೆಯದು.

ಹೊರಾಂಗಣದ ವೈರಿಂಗ್ ಮಾಡಿಸುವಾಗ ಜಿಪುಣತನ ಸಲ್ಲದು. ಗಂಟೆಗಟ್ಟಲೆ ಒಂದೇ ಸಮನೆ ಹದಿಮೂರು ಹದಿನಾಲ್ಕು ಆಂಪಿಯರ್ ಹರಿಯುವ ತಂತಿ ತೆಳುವಾಗಿದ್ದರೆ ಸಾಕೆಟ್ ಕರಗುತ್ತದೆ. ಮೀಟರ್ ಬೋರ್ಡಿನಿಂದ ಪ್ರತ್ಯೇಕ ತಾಮ್ರದ ತಂತಿ, ಅದಕ್ಕೆಂದೇ ಎಂಸಿಬಿ, ಸೋರಿಕೆ ತಡೆಯುವ ಆರ್‌ಸಿಸಿಬಿ, ಒಳ್ಳೆಯ ಅರ್ಥಿಂಗ್ ಇಷ್ಟೂ ಬೇಕು. ಅರ್ಥಿಂಗ್ ಸರಿಯಿಲ್ಲದಿದ್ದರೆ ಕಾರು ಚಾರ್ಜ್ ಆಗಲು ಒಪ್ಪುವುದೇ ಇಲ್ಲ. ಹಳೆಯ ಮನೆಗಳಲ್ಲಿ, ಬೇಸಿಗೆಯಲ್ಲಿ ಒಣಗಿದ ನೆಲದಲ್ಲಿ ಈ ತೊಂದರೆ ಸಾಮಾನ್ಯ. ಅರ್ಥಿಂಗ್ ಗುಂಡಿಗೆ ಉಪ್ಪು, ಇದ್ದಿಲು, ನೀರು ಹಾಕಿ ಸರಿಪಡಿಸುವುದು ಊರಿನ ಎಲೆಕ್ಟ್ರಿಷಿಯನ್ನರಿಗೆ ಹೊಸ ಕೆಲಸವಲ್ಲ. ಸಾಮಾನ್ಯ ಎಕ್ಸ್‌ಟೆನ್ಶನ್ ಬಾಕ್ಸ್‌ ಬಳಸುವುದು ಅಪಾಯ.

ಅಪಾರ್ಟ್‌ಮೆಂಟ್‌ಗಳಲ್ಲಿ ತೊಡಕು ತಂತಿಗಿಂತ ಒಪ್ಪಿಗೆಯದು. ಮೀಟರ್ ಕೊಠಡಿಯಿಂದ ನೆಲಮಾಳಿಗೆಯ ಪಾರ್ಕಿಂಗ್ ಜಾಗಕ್ಕೆ ಕೇಬಲ್ ಎಳೆಯಲು ಸಂಘದ ಅನುಮತಿ ಬೇಕು. ಹಳೆಯ ಕಟ್ಟಡಗಳ ಟ್ರಾನ್ಸ್‌ಫಾರ್ಮರ್ ಹತ್ತಾರು ಕಾರುಗಳನ್ನು ಎಣಿಸಿ ಕೂರಿಸಿದ್ದಲ್ಲ. ಹೊಸ ಕಟ್ಟಡಗಳ ಪಾರ್ಕಿಂಗಿನಲ್ಲಿ ಶೇ. 20ರಷ್ಟು ಜಾಗಕ್ಕೆ ಚಾರ್ಜಿಂಗ್ ಸೌಲಭ್ಯವಿರಬೇಕೆಂದು ಕೇಂದ್ರದ ಮಾದರಿ ಕಟ್ಟಡ ನಿಯಮಗಳಿಗೆ 2019ರಲ್ಲಿ ಸೇರಿಸಲಾಗಿದೆ. ಕೆಲವು ಸಂಘಗಳು ಸಾಮಾನ್ಯ ಚಾರ್ಜರ್ ಹಾಕಿಸಿ ಬಳಸಿದಷ್ಟಕ್ಕೆ ವಸೂಲು ಮಾಡುತ್ತವೆ. ಮನೆ ನೋಡುವ ಮೊದಲೇ ಕಾರು ಬುಕ್ ಮಾಡುವ ಬಾಡಿಗೆದಾರರು ಹೆಚ್ಚು ಪೇಚಿಗೆ ಸಿಲುಕುತ್ತಾರೆ: ಮಾಲೀಕರ ಒಪ್ಪಿಗೆಯಿಲ್ಲದೆ ಒಂದು ಸಾಕೆಟ್ಟನ್ನೂ ಹಾಕಿಸುವಂತಿಲ್ಲ, ಮನೆ ಬದಲಿಸಿದರೆ ಹಾಕಿಸಿದ ಖರ್ಚು ಅಲ್ಲೇ ಉಳಿಯುತ್ತದೆ.

ತೋಟದ ಮನೆ, ಹಳ್ಳಿಯ ಅಂಗಳದಲ್ಲಿ ಜಾಗಕ್ಕೆ ಕೊರತೆಯಿಲ್ಲ, ಕೊರತೆ ವೋಲ್ಟೇಜಿನದು. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಿರುವುದು ಹೊಸತೇನಲ್ಲ. ಅಂಥಲ್ಲಿ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡದಿರುವುದು ವಾಡಿಕೆಯಾಗಬೇಕು. ಚಾವಣಿಯ ಮೇಲೆ ಸೌರಫಲಕ ಹಾಕಿಸಿಕೊಂಡವರಿಗೆ ಲೆಕ್ಕ ಇನ್ನೂ ಚೆನ್ನಾಗಿ ಕೂಡುತ್ತದೆ. ಒಂದು ಕಿಲೋವ್ಯಾಟ್ ಫಲಕ ನಮ್ಮ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 2024ರ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಘಟಕಕ್ಕೆ 78,000 ರೂಪಾಯಿ ಸಬ್ಸಿಡಿ ಇದೆ. ಅಷ್ಟು ದೊಡ್ಡ ಘಟಕದಲ್ಲಿ ಮನೆ ಮತ್ತು ಕಾರು ಎರಡೂ ನಡೆಯುತ್ತವೆ.

ಕಿಲೋಮೀಟರ್ ಲೆಕ್ಕ

ಮಧ್ಯಮ ಗಾತ್ರದ ಕಾರು ಒಂದು ಯೂನಿಟ್ಟಿಗೆ ಏಳೆಂಟು ಕಿ.ಮೀ. ಓಡುತ್ತದೆ. ಚಾರ್ಜ್ ಮಾಡುವಾಗ ಶೇ. 10ರಿಂದ 15ರಷ್ಟು ವಿದ್ಯುತ್ ಬಿಸಿಯಾಗಿ ನಷ್ಟವಾಗುವುದರಿಂದ ಸಾವಿರ ಕಿ.ಮೀ.ಗೆ ಮೀಟರಿನಲ್ಲಿ 150 ಯೂನಿಟ್ ಎಂದು ಹಿಡಿಯಬಹುದು. 2025–26ರ ಗೃಹಬಳಕೆ ದರ 5.80 ರೂಪಾಯಿ, ಸರ್‌ಚಾರ್ಜ್, ವಿದ್ಯುತ್ ತೆರಿಗೆ ಸೇರಿ ಸುಮಾರು 6.70 ಆಗುತ್ತದೆ. ಅಲ್ಲಿಗೆ ಸಾವಿರ ಕಿ.ಮೀ.ಗೆ ಸಾವಿರ ರೂಪಾಯಿ: ಕಿ.ಮೀ.ಗೆ ಒಂದು ರೂಪಾಯಿ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರಿಗೆ 2025ರ ಬೆಂಗಳೂರಿನ ದರದಲ್ಲಿ, ಅಂದರೆ ಸುಮಾರು 103 ರೂಪಾಯಿ ಲೆಕ್ಕದಲ್ಲಿ, ಇದೇ ದೂರಕ್ಕೆ 6,900 ರೂಪಾಯಿ ಆಗುತ್ತದೆ. ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ ವರ್ಷಕ್ಕೆ ಉಳಿಯುವುದು ಸುಮಾರು 70,000 ರೂಪಾಯಿ.

ಈಗ ಮನೆಯಲ್ಲಿ ಚಾರ್ಜಿಂಗ್ ಇಲ್ಲದವರ ಲೆಕ್ಕ. ಹೊರಗಿನ ಫಾಸ್ಟ್ ಚಾರ್ಜರುಗಳ ದರ ಶೇ. 18 ಜಿಎಸ್‌ಟಿ ಸೇರಿ ಯೂನಿಟ್ಟಿಗೆ ಸಾಮಾನ್ಯವಾಗಿ 18ರಿಂದ 25 ರೂಪಾಯಿ. ಕಿ.ಮೀ.ಗೆ ಮೂರು ರೂಪಾಯಿಯ ಆಸುಪಾಸು ಆಗುತ್ತದೆ. ಪೆಟ್ರೋಲಿಗಿಂತ ಇದು ಕಡಿಮೆಯೇ, ಆದರೆ ಸರದಿಯಲ್ಲಿ ಕಾಯುವ ಹೊತ್ತು ಲೆಕ್ಕಕ್ಕೆ ಸಿಗುವುದಿಲ್ಲ. ತಿಂಗಳಿಗೆ 400 ಕಿ.ಮೀ. ಮಾತ್ರ ಓಡಿಸುವ ಕುಟುಂಬಕ್ಕೆ ಮನೆಯ ಚಾರ್ಜಿಂಗ್ ಇದ್ದರೂ ಉಳಿತಾಯ ವರ್ಷಕ್ಕೆ ಸುಮಾರು 28,000 ಮಾತ್ರ. ಅಂಥವರಿಗೆ ಬೆಲೆಯ ಅಂತರವನ್ನು ಹಿಂಪಡೆಯಲು ಹೆಚ್ಚು ಕಾಲ ಬೇಕು; ಅವರು ಹಣಕ್ಕಾಗಿ ವಿದ್ಯುತ್ ಕಾರು ಕೊಳ್ಳಬೇಕಿಲ್ಲ. ಮೌನ, ಹೊಗೆಯಿಲ್ಲದಿರುವುದು, ಟ್ರಾಫಿಕ್‌ನಲ್ಲಿ ಕ್ಲಚ್ ತುಳಿಯುವ ಕಾಟ ಇಲ್ಲದಿರುವುದು ಮುಖ್ಯವೆನಿಸಿದರೆ ಅದು ಬೇರೆ ಮಾತು, ಮತ್ತು ಅದೂ ನ್ಯಾಯವಾದ ಕಾರಣವೇ.

ದೂರ ಪ್ರಯಾಣ

ಕಂಪನಿ ಹೇಳುವ ರೇಂಜ್ ಪ್ರಯೋಗಾಲಯದ ಅಂಕಿ. 2020ರ ನೆಕ್ಸಾನ್‌ಗೆ ಪ್ರಮಾಣೀಕೃತ ರೇಂಜ್ 312 ಕಿ.ಮೀ. ಇದ್ದರೂ ರಸ್ತೆಯಲ್ಲಿ ಇನ್ನೂರರ ಆಸುಪಾಸಿನಲ್ಲೇ ಸಿಗುತ್ತಿತ್ತು. ಹೇಳಿದ್ದರ ಮೂರನೇ ಎರಡು ಭಾಗವನ್ನು ನಂಬುವುದು ಕ್ಷೇಮ. ಪೆಟ್ರೋಲ್ ಕಾರಿಗೆ ತದ್ವಿರುದ್ಧವಾಗಿ ವಿದ್ಯುತ್ ಕಾರು ನಗರದ ನಿಂತು-ಹೋಗುವ ಸಂಚಾರದಲ್ಲಿ ಮಿತವ್ಯಯಿ, ಹೆದ್ದಾರಿಯಲ್ಲಿ ದುಂದುಗಾರ. ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುವುದೇ ಕಾರಣ. ನೂರಿಪ್ಪತ್ತರ ಬದಲು ತೊಂಬತ್ತರಲ್ಲಿ ಹೋದವರು ಎಷ್ಟೋ ಸಲ ಒಂದು ಚಾರ್ಜಿಂಗ್ ನಿಲುಗಡೆ ತಪ್ಪಿಸಿಕೊಂಡು ಮೊದಲೇ ತಲುಪುತ್ತಾರೆ.

ಘಾಟಿಗಳ ಗಣಿತ ಇನ್ನೊಂದು. ಸಮುದ್ರಮಟ್ಟದ ಮಂಗಳೂರಿನಿಂದ ಶಿರಾಡಿ ಹತ್ತಿ 900 ಮೀಟರ್ ಎತ್ತರದ ಬೆಂಗಳೂರಿಗೆ ಬರುವ ಕಾರು, ನಾಲ್ಕು ಜನ ಕೂತು 1,900 ಕಿಲೋ ತೂಗುತ್ತದೆ ಎಂದಿಟ್ಟುಕೊಂಡರೆ, ಬರೀ ಎತ್ತರಕ್ಕೇರಲು ನಾಲ್ಕೂವರೆ ಯೂನಿಟ್ ಮೀರಿ ಬೇಕು. ಸಮತಟ್ಟಿನಲ್ಲಿ ಮೂವತ್ತು ಕಿ.ಮೀ.ಗೂ ಹೆಚ್ಚು ಓಡಬಹುದಾದ ಶಕ್ತಿಯಿದು. ಇಳಿಯುವಾಗ ಮೋಟಾರು ಜನರೇಟರಿನಂತೆ ತಿರುಗಿ ಇದರ ದೊಡ್ಡ ಭಾಗವನ್ನು ಬ್ಯಾಟರಿಗೆ ಮರಳಿಸುತ್ತದೆ. ಆದ್ದರಿಂದ ಮಂಗಳೂರಿಗೆ ಹೋಗುವಾಗ ಸಾಕಾದ ಚಾರ್ಜು ಬರುವಾಗ ಸಾಲದು. ಮಡಿಕೇರಿಯ ಹೋಂಸ್ಟೇಯಲ್ಲಿ ನೂರಕ್ಕೆ ನೂರು ತುಂಬಿಸಿಕೊಂಡು ಸಂಪಾಜೆ ಘಾಟಿ ಇಳಿಯುವವರಿಗೂ ಒಂದು ಎಚ್ಚರಿಕೆ: ತುಂಬಿದ ಬ್ಯಾಟರಿ ಮರಳುವ ವಿದ್ಯುತ್ತನ್ನು ಸ್ವೀಕರಿಸಲಾರದು, ಕಾಲಿನ ಬ್ರೇಕಿನ ಮೇಲೇ ಇಳಿಯಬೇಕಾಗುತ್ತದೆ. ಶೇ. 80–85ಕ್ಕೆ ನಿಲ್ಲಿಸಿ ಹೊರಡುವುದು ಸರಿ.

ಹೆದ್ದಾರಿಯ ಡಿಸಿ ಫಾಸ್ಟ್ ಚಾರ್ಜರಿನಲ್ಲಿ ಶೇ. 10ರಿಂದ 80 ತುಂಬಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಲ್ಲಿಂದಾಚೆ ಬ್ಯಾಟರಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ನೂರು ಆಗಲಿ ಎಂದು ಕಾಯುವುದು ಹಿಂದೆ ನಿಂತವರಿಗೂ ಅನ್ಯಾಯ. 60 ಕಿಲೋವ್ಯಾಟ್ ಎಂದು ಬರೆದ ಯಂತ್ರಕ್ಕೆ ಎರಡು ಕಾರು ಚುಚ್ಚಿದರೆ ಎಷ್ಟೋ ಕಡೆ ತಲಾ ಮೂವತ್ತಷ್ಟೇ ಸಿಗುತ್ತದೆ. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್, ಒಂದೊಂದು ವ್ಯಾಲೆಟ್. ಹೊರಡುವ ಹಿಂದಿನ ದಿನವೇ ಮೂರು ನಾಲ್ಕನ್ನು ಮೊಬೈಲಿಗೆ ಇಳಿಸಿ ಹಣ ಹಾಕಿಟ್ಟಿರಬೇಕು. ಕೆಟ್ಟು ನಿಂತ ಚಾರ್ಜರುಗಳಿಗೆ ಕೊರತೆಯಿಲ್ಲದ ಕಾರಣ ಮುಂದಿನ ಚಾರ್ಜರಿಗೂ ಸಾಕಾಗುವಷ್ಟು ಉಳಿದಿರುವಾಗಲೇ ನಿಲ್ಲಿಸುವುದು ಅನುಭವಿಗಳ ಕ್ರಮ. ಕಲಬುರಗಿ, ರಾಯಚೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕಾದ ಬ್ಯಾಟರಿ ಚಾರ್ಜಿಂಗ್ ವೇಗವನ್ನು ಇನ್ನಷ್ಟು ಕುಗ್ಗಿಸುವುದರಿಂದ ಆ ಕಡೆಯ ಪ್ರಯಾಣವನ್ನು ಬೆಳಗಿನ ಜಾವಕ್ಕೆ ಇಟ್ಟುಕೊಳ್ಳಬೇಕು.

ನಿರ್ವಹಣೆ ಮತ್ತು ವಿಮೆ

ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಕ್ಲಚ್, ಸ್ಪಾರ್ಕ್ ಪ್ಲಗ್ ಯಾವುದರ ಗೊಡವೆಯೂ ಇಲ್ಲ. ಬ್ರೇಕ್ ಪ್ಯಾಡ್ ಬಹುಕಾಲ ಬಾಳುತ್ತದೆ. ಕಾರಿನ ತೂಕ ಹೆಚ್ಚಾದ್ದರಿಂದ ಟೈರು ಮಾತ್ರ ಬೇಗ ಸವೆಯುತ್ತದೆ. ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳದಿದ್ದರೆ ತಪ್ಪು ಹಲವು ಸಲ 12 ವೋಲ್ಟಿನ ಪುಟ್ಟ ಬ್ಯಾಟರಿಯದು; ಅದನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು. ಹೈವೋಲ್ಟೇಜ್ ಭಾಗಗಳನ್ನು ಊರಿನ ಗ್ಯಾರೇಜಿನಲ್ಲಿ ಮುಟ್ಟಿಸುವಂತಿಲ್ಲ. ತಾಲ್ಲೂಕು ಕೇಂದ್ರಗಳಲ್ಲಿರುವವರು ಹತ್ತಿರದ ಅಧಿಕೃತ ಸರ್ವಿಸ್ ಕೇಂದ್ರ ಎಷ್ಟು ದೂರ ಎಂಬುದನ್ನೂ ಬೆಲೆಯಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಮೂರನೇ ವ್ಯಕ್ತಿ ವಿಮೆಯ ದರದಲ್ಲಿ 2022ರಿಂದ ವಿದ್ಯುತ್ ಕಾರುಗಳಿಗೆ ಶೇ. 15 ರಿಯಾಯಿತಿ ಇದೆ. ಸ್ವಂತ ಹಾನಿಯ ವಿಮೆಯಾದರೋ ಕಾರಿನ ಬೆಲೆ ಹೆಚ್ಚಿರುವ ಕಾರಣ ದುಬಾರಿ. ನೀರು ನುಗ್ಗುವಿಕೆ, ಶಾರ್ಟ್ ಸರ್ಕ್ಯೂಟ್‌ಗಳಿಂದ ಬ್ಯಾಟರಿಗೆ ಆಗುವ ಹಾನಿಯನ್ನು ತುಂಬಿಕೊಡುವ ಹೆಚ್ಚುವರಿ ರಕ್ಷಣೆಯನ್ನು ಬಿಡಬಾರದು. ಬ್ಯಾಟರಿ ಪೆಟ್ಟಿಗೆಗೆ ಐಪಿ67 ಎಂಬ ಅಂಕಿ ಇದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆದೀತು ಎಂದರ್ಥ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವಭಾಗದ ನೆಲಮಾಳಿಗೆಗಳಲ್ಲಿ ನೀರು ನಿಂತದ್ದು ಅರ್ಧ ಗಂಟೆಯಲ್ಲ.

ಬ್ಯಾಟರಿಯ ಆಯುಷ್ಯ

ಬಹುತೇಕ ಕಂಪನಿಗಳು ಎಂಟು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಡುತ್ತವೆ. ಇತ್ತೀಚಿನ ಕೆಲವು ಮಾದರಿಗಳಿಗೆ ಮೊದಲ ಮಾಲೀಕರ ಮಟ್ಟಿಗೆ ಜೀವಮಾನದ ವಾರಂಟಿಯಿದೆ. ಸಾಮರ್ಥ್ಯ ಎಷ್ಟಕ್ಕೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬ ಷರತ್ತನ್ನು ಓದಿಯೇ ಸಹಿ ಹಾಕಬೇಕು. ಒಂದು ಚಾರ್ಜಿಗೆ 280 ಕಿ.ಮೀ. ಓಡುವ ಕಾರು 1,60,000 ಕಿ.ಮೀ. ಮುಗಿಸುವಷ್ಟರಲ್ಲಿ ಆರುನೂರರೊಳಗೇ ಪೂರ್ಣ ಚಾರ್ಜ್ ಕಂಡಿರುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳು ಎರಡು ಸಾವಿರಕ್ಕೂ ಹೆಚ್ಚು ಸುತ್ತು ತಾಳಬಲ್ಲವು. ಹಾಗಾಗಿ ಬ್ಯಾಟರಿಯನ್ನು ಮುಪ್ಪಾಗಿಸುವುದರಲ್ಲಿ ಓಡಿಸಿದ್ದಕ್ಕಿಂತ ಬಿಸಿಲಿನಲ್ಲಿ ನಿಲ್ಲಿಸಿದ್ದರ ಪಾಲೇ ದೊಡ್ಡದಾಗಬಹುದು. ಐರನ್ ಫಾಸ್ಫೇಟ್ ಬ್ಯಾಟರಿಯನ್ನು ಆಗಾಗ ನೂರಕ್ಕೆ ತುಂಬಿಸಿದರೆ ಮಾಪಕ ಸರಿಯಾಗಿ ತೋರಿಸುತ್ತದೆ; ನಿಕ್ಕಲ್ ಬಳಸಿದ ಬ್ಯಾಟರಿಯನ್ನು ದಿನಬಳಕೆಯಲ್ಲಿ ಎಂಬತ್ತಕ್ಕೆ ನಿಲ್ಲಿಸುವುದು ವಾಸಿ.

ಬ್ಲೂಮ್‌ಬರ್ಗ್‌ಎನ್‌ಇಎಫ್ ಸಮೀಕ್ಷೆಯಂತೆ 2024ರಲ್ಲಿ ಬ್ಯಾಟರಿಯ ಜಾಗತಿಕ ಸರಾಸರಿ ಬೆಲೆ ಕಿಲೋವ್ಯಾಟ್-ಗಂಟೆಗೆ 115 ಡಾಲರ್. 40 ಯೂನಿಟ್ ಹಿಡಿಯುವ ಬ್ಯಾಟರಿಗೆ ಸುಮಾರು ನಾಲ್ಕು ಲಕ್ಷ ರೂಪಾಯಿ ಎಂದಾಯಿತು. ಆದರೆ ಸರ್ವಿಸ್ ಕೇಂದ್ರದಲ್ಲಿ ಬಿಡಿಭಾಗವಾಗಿ ಕೊಳ್ಳುವಾಗ ಇದಕ್ಕಿಂತ ಹೆಚ್ಚೇ ಕೊಡಬೇಕಾಗುತ್ತದೆ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇನ್ನೂ ಹದಕ್ಕೆ ಬಂದಿಲ್ಲ. ಹೊಸ ಮಾದರಿಗಳು ಹೆಚ್ಚು ರೇಂಜ್‌ನೊಂದಿಗೆ ಬರುತ್ತಿರುವುದರಿಂದ ಹಳೆಯವುಗಳ ಬೆಲೆ ಬೇಗ ಕುಸಿಯುತ್ತದೆ. ಮಾರುವವರಿಗೆ ಇದು ನಷ್ಟವಾದರೂ, ಮನೆಯಲ್ಲಿ ಸಾಕೆಟ್ ಇದ್ದು ನಗರದೊಳಗಷ್ಟೇ ಓಡಾಡುವವರಿಗೆ ಮೂರು ನಾಲ್ಕು ವರ್ಷ ಹಳೆಯ ಕಾರು ಒಳ್ಳೆಯ ಆಯ್ಕೆ. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ವರ್ತಕರು ಮಾರುವ ಹಳೆಯ ವಿದ್ಯುತ್ ಕಾರಿನ ಲಾಭಾಂಶದ ಮೇಲಿನ ತೆರಿಗೆಯನ್ನು ಶೇ. 18ಕ್ಕೆ ಏರಿಸಿತು, ವ್ಯಕ್ತಿಯಿಂದ ವ್ಯಕ್ತಿಗೆ ಮಾರುವಾಗ ಅದು ಇಲ್ಲ. ಕೊಳ್ಳುವ ಮುನ್ನ ಅಧಿಕೃತ ಕೇಂದ್ರದಿಂದ ಬ್ಯಾಟರಿ ಆರೋಗ್ಯದ ವರದಿ ಪಡೆದು, ಪೂರ್ತಿ ಚಾರ್ಜಿನಲ್ಲಿ ಎಷ್ಟು ದೂರ ಓಡುತ್ತದೆಂದು ಓಡಿಸಿಯೇ ನೋಡಬೇಕು. ಜೀವಮಾನದ ವಾರಂಟಿ ಎರಡನೆಯ ಮಾಲೀಕರಿಗೆ ಎಂಟು ವರ್ಷಕ್ಕೆ ಇಳಿಯುತ್ತದೆಯೇ ಎಂಬುದನ್ನು ಲಿಖಿತವಾಗಿ ಕೇಳಬೇಕು. ಕೊನೆಗೆ ಸೋತ ಬ್ಯಾಟರಿಯನ್ನು ಹಿಂಪಡೆದು ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ, ಗುಜರಿಗೆ ಹಾಕುವಂತಿಲ್ಲ.